ಕೀರಲು ದನಿಯವಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಹೇಳುತ್ತಿದ್ದರು. ಸುಳ್ಳಲ್ಲ. ಮನುಷ್ಯರ ಮೇಲೆ, ಎಮ್ಮೆಯ ಮೇಲೆ, ಉರಿಯದ ಹಸಿ ಸೌದೆಯ ಮೇಲೆ ದಿನಕ್ಕೊಂದು ಸಲವಾದರೂ ಸಿಟ್ಟಾಗುತ್ತಿದ್ದೆ, ಗಳಿಗೆಯಲ್ಲಿ ಮರೆಯುತ್ತಿದ್ದೆ. ಆದರೆ ಒಂದು ಮಷಿನ್ನಿನ ಮೇಲೆ ಸಿಟ್ಟು ಮಾಡಿಕೊಂಡು ಹದಿನೈದು ದಿನ ಪದ ಹೇಳುವುದನ್ನೇ ಬಿಟ್ಟು ಕೂತಿದ್ದು ನನ್ನ ಆಯುಷ್ಯದಲ್ಲಿ ಒಂದೇ ಸಲ. ಅದನ್ನು ನೆನೆಸಿಕೊಂಡರೆ ಈಗ ನಗು ಬರುತ್ತದೆ, ಜೊತೆಗೆ ಒಂದಿಷ್ಟು ನಾಚಿಕೆಯೂ ಆಗುತ್ತದೆ.

ನಾನು ಮತ್ತೋಡಿನ ಕಡೆಯವಳು. ಮದುವೆಯಾಗಿ ಹಿರೇಗುಂಟನೂರಿಗೆ ಬಂದೆ. ಗಂಡನ ಮನೆಯಲ್ಲಿ ಹೊಲವೂ ಇತ್ತು, ಕುರಿಯೂ ಇತ್ತು. ಭಾವ ಕುರಿ ಹಿಂದೆ ಹೋಗುತ್ತಿದ್ದರು, ನನ್ನ ಗಂಡ ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರು. ಮನೆಯಲ್ಲಿ ಅತ್ತೆ, ಮದುವೆ ವಯಸ್ಸಿಗೆ ಬಂದ ನಾದಿನಿ, ಮತ್ತೆ ಭಾವನ ಹೆಂಡತಿ, ಅಂದರೆ ನನ್ನ ವಾರಗಿತ್ತಿ. ನನಗಿಂತ ಆರು ವರ್ಷ ದೊಡ್ಡವಳು, ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಅನ್ನುತ್ತಾರೆ. ನಮ್ಮಿಬ್ಬರನ್ನು ಸೇರಿಸಿದ್ದು ಸೋಬಾನೆ ಪದ.

ಸೋಬಾನೆಯನ್ನು ನಮ್ಮ ಕಡೆ ಒಬ್ಬರೇ ಹೇಳುವುದಿಲ್ಲ. ಇಬ್ಬರು ಮುಂದೆ ಹೇಳಬೇಕು, ಹೇಳಿದ ಸೊಲ್ಲನ್ನು ಹಿಂದೆ ಕೂತ ಹೆಂಗಸರು ತೆಗೆದುಕೊಳ್ಳಬೇಕು. ಮುಂದಿನ ಇಬ್ಬರು ತೊಡೆಗೆ ತೊಡೆ ತಾಗಿಸಿ ಕೂತು, ಒಂದು ಕಿವಿಗೆ ಅಂಗೈ ಒತ್ತಿಕೊಂಡು, ಒಂದೇ ಉಸಿರಿನಲ್ಲಿ ಹೋಗಬೇಕು. ಮದುವೆ ಮನೆಯ ಗದ್ದಲದಲ್ಲಿ ತನ್ನ ದನಿ ತನಗೆ ಕೇಳಿಸಬೇಕಲ್ಲ, ಅದಕ್ಕೆ ಅಂಗೈ. ನಾನು ಎಡಗಿವಿ ಮುಚ್ಚುತ್ತಿದ್ದೆ, ಅಕ್ಕ ಬಲಗಿವಿ. ಮುಚ್ಚಿದ ಕಿವಿಯೊಳಗೆ ನನ್ನ ದನಿ ಗುಡಾಣದೊಳಗೆ ಕೂಗಿದ ಹಾಗೆ ತುಂಬಿಕೊಂಡು ಬರುತ್ತಿತ್ತು. ಎಂಥ ದನಿ ಕೊಟ್ಟೆಯಪ್ಪ ದೇವರೇ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ಅಕ್ಕನದು ಏನೋ ಪಕ್ಕದಲ್ಲಿ ಕೇಳುತ್ತಿತ್ತು. ಪಾಪ, ಅವಳೂ ಹೇಳುತ್ತಾಳೆ ಅಂದುಕೊಳ್ಳುತ್ತಿದ್ದೆ.

ನಾನು ಸೊಸೆಯಾಗಿ ಬಂದ ವರ್ಷವೇ ನಾವು ಜೋಡಿಯಾದೆವು. ಆಮೇಲೆ ಹತ್ತು ವರ್ಷ ಎಲ್ಲಿಗೆಲ್ಲ ಹೋಗಲಿಲ್ಲ. ಹೊಸದುರ್ಗದ ಕಡೆ ನನ್ನ ತೌರಿನವರ ಮದುವೆಗಳು, ಹೊಳಲ್ಕೆರೆ ಕಡೆ ಅತ್ತೆಯ ತೌರಿನವರವು, ಹಿರಿಯೂರಿಗೂ ಎರಡು ಸಲ. ಲಗ್ನಪತ್ರಿಕೆ ಕೊಡಲು ಬಂದವರು ಗಂಡಸರಿಗೆ ಒಂದು ಮಾತು ಹೇಳಿ, ಅಡುಗೆಮನೆ ಬಾಗಿಲಿಗೆ ಬಂದು, "ನೀವಿಬ್ರೂ ಮೊದ್ಲೇ ಬಂದ್ಬಿಡ್ರಿ, ಚಪ್ಪರದ ದಿನಕ್ಕೇ" ಎಂದು ಕುಂಕುಮ ಹಚ್ಚಿ ಹೋಗುತ್ತಿದ್ದರು. ಅದೆಲ್ಲ ನನ್ನ ತುಂಬು ಕಂಠದ ಪ್ರತಾಪ ಎಂದೇ ನಾನು ನಂಬಿದ್ದೆ.

ಕ್ಯಾಸೆಟ್ ಹಾಕುವ ಟೇಪ್ ರೆಕಾರ್ಡರ್ ಆಗಿನ್ನೂ ನಮ್ಮ ಕಡೆಗೆ ಹೊಸದು. ಭೀಮಸಮುದ್ರದಲ್ಲಿ ಅಡಿಕೆ ವ್ಯಾಪಾರದವರ ಮನೆಯ ಮದುವೆಗೆ ಪದ ಹೇಳಲು ಹೋಗಿದ್ದೆವು. ಮದುವಣಗಿತ್ತಿಯ ಅಣ್ಣ ಅಂಥದೊಂದನ್ನು ತಂದು ನಮ್ಮ ಮುಂದೆ ಮಣೆಯ ಮೇಲಿಟ್ಟ. ಏನೋ ರೇಡಿಯೋ ಇರಬೇಕು ಅಂದುಕೊಂಡು ನಾವು ನಮ್ಮ ಪಾಡಿಗೆ ಪದ ಹೇಳಿದೆವು. ಹೊರಡುವಾಗ ಎಲೆ ಅಡಿಕೆ, ರವಿಕೆ ಕಣದ ಜೊತೆಗೆ ಒಂದು ಕ್ಯಾಸೆಟ್ ಇಟ್ಟು ಕೊಟ್ಟರು. "ನಿಮ್ ಪದ ಎಲ್ಲಾ ಇದ್ರಾಗೈತೆ ನೋಡ್ರಿ" ಎಂದರು. ಬಸ್ಸಿನಲ್ಲಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದೆ. ಅಕ್ಕ ಒಂದು ಸಲ ಮುಟ್ಟಿ ನೋಡಿ ವಾಪಸ್ಸು ಕೊಟ್ಟಳು.

ಕೇಳುವುದು ಹೇಗೆ? ಮನೆಯಲ್ಲಿ ಮಷಿನ್ ಇಲ್ಲ. ಹದಿನೈದು ದಿನ ದಿನಕ್ಕೆರಡು ಸಲ ನೆನಪು ಮಾಡಿದ ಮೇಲೆ ಮೇಷ್ಟ್ರು ಚಿತ್ರದುರ್ಗದಲ್ಲಿದ್ದ ತಮ್ಮ ಗೆಳೆಯರೊಬ್ಬರಿಂದ ಒಂದು ದಿನದ ಮಟ್ಟಿಗೆ ಟೇಪ್ ರೆಕಾರ್ಡರ್ ಇಸಿದುಕೊಂಡು, ಟವೆಲ್ಲಿನಲ್ಲಿ ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದರು. ಭಾನುವಾರ ಬೆಳಿಗ್ಗೆ ನಡುಮನೆಯಲ್ಲಿ ಎಲ್ಲರೂ ಸುತ್ತ ಕೂತೆವು. ನಾದಿನಿಯ ಮದುವೆ ಗೊತ್ತಾಗಿ ಇನ್ನು ಹದಿನಾರು ಹದಿನೇಳು ದಿನ ಉಳಿದಿತ್ತು. "ನನ್ ಮದ್ವೆಗೂ ಇದ್ನೇ ಹಾಕ್ಬಿಡ್ರಿ, ಅತ್ತಿಗೇರಿಗೆ ಆರಾಮಾಗ್ತೈತೆ" ಎಂದು ಅವಳು ತಮಾಷೆ ಮಾಡಿದಳು.

ಮೇಷ್ಟ್ರು ಗುಂಡಿ ಒತ್ತಿದರು. ಮೊದಲು ಗುಸುಗುಸು, ಯಾವುದೋ ಮಗುವಿನ ಅಳು, ತಟ್ಟೆ ಬಿದ್ದ ಸದ್ದು. ಆಮೇಲೆ ಪದ ಶುರುವಾಯಿತು. ಎರಡು ದನಿ. ಒಂದು ದಪ್ಪ, ತುಂಬಿಕೊಂಡ ದನಿ. ಇನ್ನೊಂದು ಕೀರಲು. ಎಣ್ಣೆ ಕಾಣದ ಬಾವಿ ರಾಟೆಯ ಹಾಗೆ ಮೇಲೆ ಮೇಲೆ ಹೋಗುತ್ತಿತ್ತು. ಅಯ್ಯೋ, ಅಕ್ಕನ ದನಿ ಇಷ್ಟು ಕೀರಲೇ ಎಂದು ನನಗೆ ನಿಜವಾಗಲೂ ಸಂಕಟವಾಯಿತು. ಹತ್ತು ವರ್ಷ ಇದನ್ನು ಪಕ್ಕದಲ್ಲಿಟ್ಟುಕೊಂಡು ನಾನು ಎಷ್ಟು ಸಂಭಾಳಿಸಿದ್ದೇನೆ ಅನಿಸಿತು. ಮೊದಲ ಪದ ಮುಗಿದ ಮೇಲೆ ಅವಳ ತೊಡೆ ಮುಟ್ಟಿ ಸಮಾಧಾನ ಹೇಳಿದೆ.

"ಬೇಜಾರ್ ಮಾಡ್ಕಬ್ಯಾಡಕ್ಕ. ಮಷಿನ್ನಾಗೆ ಕೆಲವ್ರ ದನಿ ಹಿಂಗೇ ಬೀಳ್ತೈತಂತೆ."

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ನೆಲ ನೋಡುತ್ತಾ, ಮೆಲ್ಲಗೆ, "ಆ ದಪ್ಪ ದನಿ ನಂದು ಕಣೇ" ಎಂದಳು.

ನನಗೆ ಮೈ ಉರಿದುಹೋಯಿತು. ಚೆನ್ನಾಗಿದ್ದದ್ದು ನಿನ್ನದು, ಕೆಟ್ಟದ್ದು ನನ್ನದೋ? ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಾ, "ಸಣ್ಣತ್ತಿಗೆ, ಕೀರಲು ದನಿ ನಿಂದೇ" ಎಂದಳು. ಅತ್ತೆ ಎಲೆಗೆ ಸುಣ್ಣ ಹಚ್ಚುವುದರಲ್ಲಿ ಮುಳುಗಿದವರ ಹಾಗೆ ತಲೆ ಎತ್ತಲಿಲ್ಲ. ಮೇಷ್ಟ್ರಿಗೆ ಮಾತ್ರ ಶಾಲೆಯ ಬುದ್ಧಿ.

"ಜಗಳ ಯಾಕೆ? ಒಬ್ಬೊಬ್ರೇ ಒಂದೊಂದು ಸೊಲ್ಲು ಹೇಳ್ರಿ. ಮಷಿನ್ನೇ ನ್ಯಾಯ ಹೇಳ್ಲಿ" ಎಂದರು. ಕ್ಯಾಸೆಟ್ಟಿನ ಕೊನೆಯಲ್ಲಿ ಖಾಲಿ ಜಾಗವಿತ್ತು. ಕೆಂಪು ಗುಂಡಿ ಒತ್ತಿ ನನ್ನ ಕಡೆ ತಿರುಗಿಸಿದರು. ನಾನು ಎಡಗಿವಿಗೆ ಅಂಗೈ ಒತ್ತಿ, ಊರಿಗೆಲ್ಲ ಕೇಳುವ ಹಾಗೆ ಹೇಳಿದೆ. ಅಕ್ಕ ಮಾತ್ರ, "ನಂಗ್ ಬ್ಯಾಡ" ಎಂದು ಎದ್ದು ಎಮ್ಮೆಗೆ ಹುಲ್ಲು ಹಾಕಲು ಹೋದಳು. ಸೋಲುವವಳಿಗೆ ಪರೀಕ್ಷೆ ಯಾಕೆ ಎಂದು ಹೋದಳು ಅಂದುಕೊಂಡೆ.

ಹಿಂದಕ್ಕೆ ತಿರುಗಿಸಿ ಹಾಕಿದರು. ರಾಟೆಯೇ. ದಪ್ಪ ದನಿಯ ಆಸರೆ ಇಲ್ಲದೆ ಇನ್ನಷ್ಟು ಒಣಗಿದ ರಾಟೆ. ಅದು ಯಾವುದೋ ಹೆಂಗಸು, ನನಗೆ ಆಗದವಳು, ನನ್ನ ಪದ ಕದ್ದು ಅಣಕಿಸುತ್ತಿದ್ದಾಳೆ ಅನಿಸಿತು.

"ನನ್ ದನಿ ಹಿಂಗೈತಾ?" ಎಂದು ಮೇಷ್ಟ್ರನ್ನು ಕೇಳಿದೆ.

"ಹಿಂಗೇ ಐತೆ. ನೀನು ಈ ಮನೆಗೆ ಬಂದಾಗಿನಿಂದ್ಲೂ ಹಿಂಗೇ ಐತೆ" ಎಂದರು, ಇವತ್ತು ಭಾನುವಾರ ಅನ್ನುವಷ್ಟು ಸಲೀಸಾಗಿ.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದನ್ನು ಬೇರೆಯವರಿಗೆ ಎಷ್ಟು ಸಲ ಹೇಳಿದ್ದೆನೋ. ಆ ದಿನ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಈ ದನಿ ಹೊತ್ತುಕೊಂಡು ಹತ್ತು ವರ್ಷ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಎಂದು ಮೆರೆದೆನಲ್ಲ, ಜನ ಮುಖ ಮುಚ್ಚಿಕೊಂಡು ಎಷ್ಟು ನಕ್ಕಿರಬೇಕು. ಹಚ್ಚಿದ ಕುಂಕುಮವೆಲ್ಲ ಕರುಣೆಯ ಕುಂಕುಮ ಅನಿಸಿತು. ಕರೆಯುತ್ತಿದ್ದದ್ದು ಅಕ್ಕನನ್ನು, ನಾನು ಬಾಲ. ಅವಳಿಗೆ ಇದು ಮೊದಲಿಂದಲೂ ಗೊತ್ತಿತ್ತು, ಗೊತ್ತಿದ್ದೂ ಹೇಳಲಿಲ್ಲ ಎಂದು ಅವಳ ಮೇಲೆ ಇನ್ನೊಂದು ಸಿಟ್ಟು ಸೇರಿತು. ಅಂದಿನಿಂದ ನಾನು ಪದ ನಿಲ್ಲಿಸಿದೆ. ಕೇಳಿದವರಿಗೆ ಗಂಟಲು ಕೆಟ್ಟಿದೆ ಎಂದೆ.

ಅತ್ತೆ ಬಿಡುವವರಲ್ಲ. ಮೆಣಸು, ಶುಂಠಿ, ಬೆಲ್ಲ ಹಾಕಿ ಕಷಾಯ ಕಾಯಿಸಿದರು. ಮಾರನೆಯ ದಿನ ತುಳಸಿ. ಅದರ ಮಾರನೆಯ ದಿನ ಇನ್ನೇನೋ ಬೇರು. ಇಲ್ಲದ ರೋಗಕ್ಕೆ ಇದ್ದಬದ್ದ ಕಷಾಯವನ್ನೆಲ್ಲ ಕಣ್ಣು ಮುಚ್ಚಿಕೊಂಡು ಕುಡಿದೆ. ಅವರ ಆತಂಕಕ್ಕೆ ಕಾರಣವಿತ್ತು. ಬೀಗರು ಹೊಳಲ್ಕೆರೆಯ ಕಡೆಯವರು, ಮದುವೆ ನಮ್ಮ ಮನೆಯ ಚಪ್ಪರದಲ್ಲಿ. ಮದುಮಗಳನ್ನು ಹಸೆಗೆ ಕರೆಯುವ ಪದವನ್ನು ಹೆಣ್ಣಿನ ಕಡೆಯವರೇ ಮೊದಲು ಹೇಳಬೇಕು. ಅದಾದ ಮೇಲೆಯೇ ಬೀಗರ ಕಡೆಯ ಹೆಂಗಸರು ಬಾಯಿ ತೆಗೆಯುವುದು. ನಾವು ಹೇಳದಿದ್ದರೆ ಅವರು ಹೇಳುತ್ತಾರೆ, ಹೇಳಿ, ಈ ಮನೆ ಹೆಂಗಸರಿಗೆ ಬಾಯಿಲ್ಲ ಎಂದು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಆ ಮಾತನ್ನು ಅಲ್ಲಿ ಕೂತು ಕೇಳಬೇಕಾದವಳು ನಾದಿನಿ. "ಊರ ಮದ್ವೆಗೆಲ್ಲ ಪದ ಹೇಳಿ, ನನ್ ಮಗಳ ಹಸೇಗೆ ಇಲ್ಲ ಅಂದ್ರೆ ಹೆಂಗವ್ವಾ" ಎಂದು ಅತ್ತೆ ಒಂದು ದಿನ ನನ್ನ ಗಲ್ಲ ಹಿಡಿದು ಕೇಳಿದರು. ನಾನು ಕೆಮ್ಮಿದೆ.

ಅಕ್ಕ ಒಂದೇ ಸಲ ಬಂದಳು. ಹಿತ್ತಿಲಲ್ಲಿ ಇಬ್ಬರೂ ರಾಗಿ ಕೇರುತ್ತಿದ್ದೆವು. ಮೊರದಿಂದ ಕಣ್ಣೆತ್ತದೆ, "ಒಂದ್ಸಲ ಹೇಳ್ಕಳಾಣೇನೇ? ಹಸೆ ಪದದ ಎರಡ್ನೇ ಸೊಲ್ಲು ನಂಗೆ ಮರ್ತಂಗಾಗೈತೆ" ಎಂದಳು. ಅವಳಿಗೆ ಯಾವ ಪದವೂ ಮರೆಯುವುದಿಲ್ಲ ಎಂದು ನನಗೆ ಗೊತ್ತು. ಅದಕ್ಕೇ ಇನ್ನೂ ಸಿಟ್ಟು ಬಂತು. ಸಿಟ್ಟು ಬಂದಾಗ ನಾನು ಅವಳಿಗೆ ಬಹುವಚನ ಹಚ್ಚುತ್ತಿದ್ದೆ.

"ನಿಮ್ ದಪ್ಪ ದನಿಗೆ ನಾನ್ಯಾಕೆ ಬೇಕು? ನೀವೊಬ್ರೇ ಹೇಳ್ರಿ, ಊರೆಲ್ಲ ಕೇಳ್ಲಿ" ಎಂದೆ.

ಅವಳ ಮೊರ ನಿಂತಿತು. ಏನಾದರೂ ಅನ್ನುತ್ತಾಳೆ, ಅಂದರೆ ನಾನೂ ನಾಲ್ಕು ಅಂದು ಹಗುರಾಗುತ್ತೇನೆ ಎಂದು ಕಾದೆ. ಅವಳು ಮತ್ತೆ ಕೇರತೊಡಗಿದಳು.

ಮದುವೆಯ ದಿನ ನಾನು ಅಡುಗೆಮನೆ ಸೇರಿಕೊಂಡೆ. ಹೋಳಿಗೆಗೆ ಕಣಕ ನಾದುವ ಕೆಲಸವನ್ನು ಬೇಡಿ ತೆಗೆದುಕೊಂಡೆ. ಎರಡು ಕೈಗೂ ಹಿಟ್ಟು ಮೆತ್ತಿದ್ದರೆ ಯಾರೂ ಎಬ್ಬಿಸುವುದಿಲ್ಲ ಎಂಬ ಲೆಕ್ಕ. ಹೊರಗೆ ಚಪ್ಪರದಲ್ಲಿ ಕರಿ ಕಂಬಳಿ ಹಾಸಿ, ಅಕ್ಕಿಯಿಂದ ಹಸೆ ಬರೆದಿದ್ದರು. ಬೀಗರು ಬಂದು ಕೂತಿದ್ದರು. ಅತ್ತೆ ಬಾಗಿಲಿಗೆ ಬಂದರು.

"ಬಾರವ್ವಾ, ಹೊತ್ತಾತು."

"ಗಂಟ್ಲು ಅತ್ತೆ."

"ಗಂಟ್ಲಲ್ಲ ಬಿಡು ಅದು" ಎಂದರು ಅತ್ತೆ. ಬೈಯಲಿಲ್ಲ. ಒಂದು ಗಳಿಗೆ ನನ್ನನ್ನೇ ನೋಡಿ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಸ್ವಲ್ಪ ಹೊತ್ತಿಗೆ ಅಕ್ಕನ ದನಿ ಕೇಳಿತು. ಅವಳ ಜೊತೆ ಹೇಳಲು ಪಕ್ಕದ ಮನೆಯ ಹೆಂಗಸನ್ನು ಕೂರಿಸಿದ್ದರು. ಆಕೆ ಮೊದಲ ಸೊಲ್ಲಿನ ಅರ್ಧಕ್ಕೇ ಕೈಬಿಟ್ಟಳು. ಉಳಿದದ್ದು ಅಕ್ಕ ಒಬ್ಬಳೇ. ಹತ್ತು ವರ್ಷ ಪಕ್ಕದಲ್ಲಿ ಕೂತಿದ್ದರೂ ಅವಳ ದನಿಯೊಂದನ್ನೇ, ಎರಡು ಕಿವಿ ತೆರೆದುಕೊಂಡು ನಾನು ಕೇಳಿದ್ದು ಅದೇ ಮೊದಲು. ದಪ್ಪ ದನಿಯೇ, ನಿಜ. ಆದರೆ ಎರಡನೆಯ ಸೊಲ್ಲಿಗೆ ಮೇಲೆ ಏರಬೇಕಾದ ಕಡೆ ಏರಲಾಗದೆ ಕೆಳಗೆ ಕೆಳಗೆ ಹೋಯಿತು. ಹಿಂದೆ ಕೂತವರು ಎಲ್ಲಿ ಹಿಡಿಯಬೇಕೆಂದು ತಿಳಿಯದೆ ಸುಮ್ಮನಾದರು. ಅಷ್ಟರಲ್ಲಿ ಬೀಗರ ಕಡೆಯಿಂದ ಯಾರೋ ಒಬ್ಬ ಗಂಡಸು ಎಲ್ಲರಿಗೂ ಕೇಳುವ ಹಾಗೆ ಅಂದ.

"ಏನಪ್ಪ ಇದು, ಹೆಂಗಸ್ರ ಪದಕ್ಕೆ ಗಂಡಸ್ರನ್ನ ಕುಂಡ್ರಿಸವ್ರೆ?"

ಚಪ್ಪರದ ಆ ಮೂಲೆಯಿಂದ ಈ ಮೂಲೆವರೆಗೆ ನಗು ಹರಿಯಿತು. ನಾನು ಬಾಗಿಲಿಗೆ ಬಂದು ನೋಡಿದೆ. ಅಕ್ಕನ ಕಿವಿಯ ಮೇಲಿದ್ದ ಕೈ ಬಾಯಿಯ ಮೇಲೆ ಬಂದಿತ್ತು. ನಾದಿನಿ ಹಸೆಯ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದಳು, ಕರೆಯದೆ ಹಸೆಗೆ ಕಾಲಿಡುವಂತಿಲ್ಲ. ಅಕ್ಕ ಬಾಯಿಯ ಮೇಲಿನ ಕೈ ತೆಗೆದು ಮತ್ತೆ ಕಿವಿಗಿಟ್ಟು, ಅದೇ ಸೊಲ್ಲನ್ನು, ಅದೇ ದನಿಯಲ್ಲಿ ಮತ್ತೆ ಶುರು ಮಾಡಿದಳು.

ಆಗ ನನಗೆ ಹೊಳೆಯಿತು. ಆ ದಪ್ಪ ದನಿ ನಂದು ಕಣೇ ಎಂದು ಅವಳು ನೆಲ ನೋಡಿಕೊಂಡು ಹೇಳಿದ್ದು ಜಂಬವಾಗಿರಲಿಲ್ಲ. ತಪ್ಪು ಒಪ್ಪಿಕೊಳ್ಳುವವರು ಹಾಗೆ ಹೇಳುತ್ತಾರೆ. ನಾನು ಯಾವುದಕ್ಕೆ ಹೊಟ್ಟೆ ಉರಿದುಕೊಂಡು ಹದಿನೈದು ದಿನ ಕಷಾಯ ಕುಡಿದೆನೋ ಅದನ್ನೇ ಅವಳು ಸೆರಗಿನಡಿ ಮುಚ್ಚಿಕೊಂಡು ಬದುಕುತ್ತಿದ್ದಳು. ಅವಳಿಗೆ ಊರೆಲ್ಲ ಕೇಳ್ಲಿ ಅಂದಿದ್ದೆ ನಾನು. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸಿತು. ಕೈಯಲ್ಲಿ ಹಿಟ್ಟಿತ್ತು.

ಹಿಟ್ಟಿನ ಕೈಯಲ್ಲೇ ಹೆಂಗಸರನ್ನು ದಾಟಿಕೊಂಡು ಹೋಗಿ, ಪಕ್ಕದ ಮನೆಯವಳನ್ನು ಸೊಂಟದಿಂದ ಸರಿಸಿ, ಅಕ್ಕನ ತೊಡೆಗೆ ತೊಡೆ ತಾಗಿಸಿ ಕೂತೆ. ಎರಡನೆಯ ಸೊಲ್ಲಿನ ಏರು ಬಂದಿತ್ತು. ನನ್ನ ಕೀರಲು ದನಿಯನ್ನು, ಅದು ಹೇಗಿದೆಯೋ ಹಾಗೇ, ಬಿಟ್ಟೆ. ಅದು ನೆಟ್ಟಗೆ ಮೇಲೆ ಹೋಯಿತು. ಅಕ್ಕ ತಿರುಗಿ ನೋಡಲಿಲ್ಲ. ಅವಳ ದನಿ ನನ್ನದನ್ನು ಹಿಡಿದುಕೊಂಡು ಏರಿತು, ಏರಿ ನನ್ನದರ ಕೆಳಗೆ ಬಂದು ನಿಂತಿತು. ಹಿಂದಿನವರು ತಕ್ಷಣ ಸೊಲ್ಲು ತೆಗೆದುಕೊಂಡರು. ಗಂಡಸರ ಕಡೆ ನಗು ನಿಂತಿತು. ನಾದಿನಿ ಹಸೆಗೆ ಕಾಲಿಟ್ಟಳು, ಅತ್ತೆ ಕಣ್ಣೊರೆಸಿಕೊಂಡು ಅಕ್ಕಿ ಹಾಕಿದರು.

ಕೈಯಲ್ಲಿ ಹಿಟ್ಟು ಇದ್ದದ್ದರಿಂದ ಆ ದಿನ ನಾನು ಕಿವಿ ಮುಚ್ಚಿಕೊಳ್ಳಲಿಲ್ಲ. ಎರಡೂ ದನಿಗಳು ಕೇಳಿದವು. ನನ್ನದೊಂದೇ ಆದರೆ ರಾಟೆ. ಅಕ್ಕನದೊಂದೇ ಆದರೆ ಬಾವಿಗಿಳಿಯುವ ದನಿ. ಎರಡೂ ಸೇರಿದಾಗ ಚೆನ್ನಾಗಿತ್ತು. ನನ್ನ ಬಾಯಿಂದ ನಾನೇ ಹೇಳಬಾರದು, ಆದರೂ ಚೆನ್ನಾಗಿತ್ತು. ನೀನು ಬಂದಾಗಿನಿಂದ್ಲೂ ಹಿಂಗೇ ಐತೆ ಎಂದು ಮೇಷ್ಟ್ರು ಹೇಳಿದ್ದು ಆಗ ಬೇರೆ ಥರ ಕೇಳಿಸಿತು. ಜನ ಹತ್ತು ವರ್ಷ ಕೇಳಿದ್ದು ಈ ಕೀರಲು ದನಿಯನ್ನೇ. ಕೇಳಿಯೂ ಮತ್ತೆ ಮತ್ತೆ ಅಡುಗೆಮನೆ ಬಾಗಿಲಿಗೆ ಬಂದು ಇಬ್ಬರನ್ನೂ ಕರೆದಿದ್ದರು. ಅವರಿಗೆ ಮೋಸವಾಗಿರಲಿಲ್ಲ, ಗೊತ್ತಿಲ್ಲದಿದ್ದವಳು ನಾನೊಬ್ಬಳೇ. ಅಷ್ಟು ತಿಳಿದ ಕೂಡಲೇ ಎದೆಯ ಮೇಲಿದ್ದ ರಾಗಿಕಲ್ಲು ಯಾರೋ ಎತ್ತಿಟ್ಟ ಹಾಗಾಯಿತು. ಆಮೇಲೆ ಎಷ್ಟೋ ಸಲ ಯಾರ್‍ಯಾರೋ ಬಂದು ನಮ್ಮ ಪದಗಳನ್ನು ಟೇಪ್ ಮಾಡಿಕೊಂಡು ಹೋಗಿದ್ದಾರೆ, ಹಾಕಿ ಕೇಳಿಸಿದ್ದಾರೆ. ಕೀರಲು ದನಿ ಬಂದಾಗ, ಅದು ನಾನು ಎಂದು ನಾನೇ ಮುಂದಾಗಿ ಹೇಳುತ್ತೇನೆ.

ಹಸೆ ಶಾಸ್ತ್ರ ಮುಗಿದ ಮೇಲೆ ಹಿತ್ತಿಲಿಗೆ ಕೈ ತೊಳೆಯಲು ಹೋದೆ. ಹಿಟ್ಟು ಒಣಗಿ ಹಿಡಿದುಕೊಂಡಿತ್ತು. ಅಕ್ಕ ಹಿಂದೆಯೇ ಬಂದು ಚೊಂಬಿನಿಂದ ನೀರು ಹಾಕಿದಳು. ಮಾತು ಅವಳೇ ಶುರು ಮಾಡಿದಳು.

"ನಮ್ ತೌರಾಗೆ ನಾನು ಬಾಯಿ ತೆಗೆದ್ರೆ ಗಂಡುಬೀರಿ ಬಂದ್ಲು ಅಂತಿದ್ರು. ಸಣ್ಣೋಳಿದ್ದಾಗ್ಲೇ ಪದ ಬಿಟ್ಬಿಟ್ಟಿದ್ದೆ. ನೀನು ಬಂದ ಹೊಸ್ದರಾಗೆ ಬೀಸ್ತಾ ಒಂದ್ ಪದ ಹೇಳ್ದೆ. ನಿನ್ ದನಿ ಮರೆಯಾಗೆ ನಾನೂ ಮೆಲ್ಲಗೆ ಸೇರಿಸ್ದೆ. ಯಾರೂ ನಗ್ಲಿಲ್ಲ."

"ಅದಕ್ಕೇನಾ ಅವತ್ತು ಮಷಿನ್ ಮುಂದೆ ಒಬ್ಳೇ ಹೇಳದಂಗೆ ಎದ್ದೋಗಿದ್ದು?"

"ಹೂಂ. ಹೆದ್ರಿಕೆ ಆಗಿತ್ತು."

ನಡುಮನೆಯಲ್ಲಿ ನಾಲ್ಕು ಜನರ ಮುಂದೆ, ಅದೂ ಮನೆಯವರ ಮುಂದೆ ಒಂದು ಸೊಲ್ಲು ಹೇಳಲು ಹೆದರಿದವಳು ಇವತ್ತು ಎರಡೂ ಊರಿನ ಜನರ ಮುಂದೆ ಒಂಟಿಯಾಗಿ ಹೇಳಿದ್ದು ಹೇಗೆ? ಕೇಳಿದೆ.

"ಒಬ್ಳೇ ಹೇಳಿದ್ರೆ ನಿಂಗೆ ತಡ್ಕಳಾಕಾಗಲ್ಲ, ಎದ್ದು ಬರ್ತೀಯ ಅನ್ಕಂಡೆ" ಎಂದಳು.

"ಬರದೇ ಇದ್ದಿದ್ರೆ?"

ಅಕ್ಕ ನನ್ನ ಉಗುರಿನ ಸಂದಿನ ಹಿಟ್ಟನ್ನು ತನ್ನ ಉಗುರಿನಿಂದ ಬಿಡಿಸುತ್ತಾ ಹೇಳಿದಳು.

"ಜನ್ರ ಕೈಲಿ ನಗ್ಸಿಕಳ್ತಾನೇ ಹೇಳ್ತಿದ್ದೆ. ಹುಡುಗೀನ ಹಸೇಗೆ ಕರೀಬೇಕಲ್ಲ."